ಫೋಟೋದ ಅಂಚಿನ ಚಕ್ರ

"ಕೊಡೋ ಅದನ್ನ!" ಜಿಗಣೆ ಬೆಂಚಿನ ಮೇಲೆ ಹತ್ತಿ ಕೈ ಚಾಚಿದಳು.

ಲೌಡ್‌ಸ್ಪೀಕರ್ ಪೇಪರನ್ನು ಇನ್ನೂ ಮೇಲಕ್ಕೆ ಎತ್ತಿ ಹಿಡಿದ. "ಎಲ್ರೂ ಕೇಳ್ರೋ! 'ಬಸ್ಸುಗಳಲ್ಲಿ ವೃದ್ಧರ ಪಾಡು ಕೇಳುವವರಿಲ್ಲ.' ಫೋಟೋ ನೋಡಿ! ಇವಳ ಅಪ್ಪ ಆ ಮುದುಕೀನ ಬಸ್ಸಿಂದ ಹೊರಗೆ ತಳ್ತಿದ್ದಾರೆ!"

ಅವನ ಗಂಟಲಿಗೆ ಲೌಡ್‌ಸ್ಪೀಕರ್ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಪಕ್ಕದ ಕ್ಲಾಸಿನವರೂ ಕಿಟಕಿಗೆ ಬಂದು ಇಣುಕಿದರು. ಜಿಗಣೆ ಒಂದೇ ನೆಗೆತಕ್ಕೆ ಪೇಪರ್ ಕಿತ್ತುಕೊಂಡಳು. ಹಿಡಿದದ್ದನ್ನು ಬಿಡದವಳು ಎಂದು ಅಜ್ಜಿ ಇಟ್ಟ ಹೆಸರು ಅವಳದು. ಮನೆಯಲ್ಲಿ ಹುಟ್ಟಿದ ಹೆಸರು ಯಾವಾಗಲೋ ಶಾಲೆಗೂ ಬಂದು ಸೇರಿಬಿಟ್ಟಿತ್ತು.

ಮೊದಲ ಪುಟದಲ್ಲೇ ಇತ್ತು ಫೋಟೋ. ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಯೂನಿಫಾರ್ಮಿನಲ್ಲಿ ಅಪ್ಪ. ಬಾಯಿ ಅಗಲವಾಗಿ ತೆರೆದಿದೆ. ಕೈ ಒಬ್ಬ ಮುದುಕಿಯ ಭುಜದ ಮೇಲಿದೆ. ಮುದುಕಿಯ ಮುಖದಲ್ಲಿ ಗಾಬರಿ. ನೋಡಿದವರು ಯಾರಾದರೂ ಲೌಡ್‌ಸ್ಪೀಕರ್ ಹೇಳಿದ್ದನ್ನೇ ಹೇಳುತ್ತಿದ್ದರು. ಜಿಗಣೆ ಪೇಪರನ್ನು ಮಡಚಿ ಚೀಲಕ್ಕೆ ತುರುಕಿದಳು.

ಸಂಜೆ ಮನೆಗೆ ಬಂದರೆ ಅಪ್ಪ ಆಗಲೇ ಬಂದಿದ್ದ. ಟಿಕೆಟ್ ಚೀಲ ಮೊಳೆಗೆ ನೇತಾಡುತ್ತಿತ್ತು.

"ಡ್ಯೂಟಿ ಇಲ್ವಾ ಅಪ್ಪಾ?"

"ಸೋಮವಾರ ವಿಚಾರಣೆ ಅಂತೆ. ಅಲ್ಲೀತನಕ ಬರಬೇಡ ಅಂದ್ರು ಮ್ಯಾನೇಜರ್."

ಜಿಗಣೆ ಕಾಲ ಹೆಬ್ಬೆರಳಿನಿಂದ ನೆಲ ಕೆರೆದಳು. ಕೇಳಬಾರದು ಅಂದುಕೊಂಡರೂ ಬಾಯಿಗೆ ಬಂದೇಬಿಟ್ಟಿತು. "ನೀನು... ತಳ್ಳಿದ್ಯಾ?"

ಅಪ್ಪ ಅವಳನ್ನೇ ನೋಡಿದ. "ನೀನೂ ಕೇಳ್ತೀಯಾ ಪುಟ್ಟಾ?"

ಅವಳಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸಿತು.

"ಅವರು ಇಳೀತಿದ್ರು," ಅಪ್ಪ ನಿಧಾನವಾಗಿ ಹೇಳಿದ. "ಬಸ್ಸಿಗೂ ಫುಟ್‌ಪಾತಿಗೂ ನಡುವೆ ಒಂದು ಬೈಕ್ ನುಗ್ಗಿ ಬಂತು. 'ಅಮ್ಮಾ ನಿಲ್ಲಿ' ಅಂತ ಕೂಗಿದೆ. ಭುಜ ಹಿಡಿದು ಒಳಗೆ ಎಳೆದುಕೊಂಡೆ. ಅಷ್ಟೇ ನಡೆದದ್ದು."

"ಫೋಟೋದಲ್ಲಿ ಬೈಕೇ ಇಲ್ವಲ್ಲ?"

"ಇಲ್ಲ. ಅದಕ್ಕೇ ಯಾರೂ ನಂಬಲ್ಲ. ಬಿಡು, ಎರಡು ದಿನ ಹೋದ್ರೆ ಪೇಪರ್ ರದ್ದಿಗೆ ಹೋಗುತ್ತೆ. ಊರ ಬಾಯಿ ಮುಚ್ಚೋಕಾಗುತ್ತಾ?"

ಬಿಡು ಅಂದರೆ ಬಿಡುವ ಹುಡುಗಿಯೇ ಅದು? ಕಿಟಕಿಯ ಬೆಳಕಿಗೆ ಪೇಪರ್ ಹಿಡಿದು, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಅಪ್ಪನ ಬೂಟು, ಬಾಗಿಲ ಮೆಟ್ಟಿಲು, ರಸ್ತೆ. ಫೋಟೋದ ಎಡ ಅಂಚಿನಲ್ಲಿ, ತೀರಾ ಕೆಳಗೆ, ಉಗುರು ಕತ್ತರಿಸಿ ಬಿಸಾಡಿದ ಚೂರಿನಂತೆ ಬಾಗಿದ ಒಂದು ಕಪ್ಪು ಗೆರೆ.

"ಅಜ್ಜೀ! ಕನ್ನಡಕ ಕೊಡು!"

ಕನ್ನಡಕವನ್ನು ಭೂತಗನ್ನಡಿಯಂತೆ ಹಿಡಿದು ನೋಡಿದಳು. ಗೆರೆಯ ಮೇಲೆ ಸಣ್ಣ ಸಣ್ಣ ಹಲ್ಲುಗಳಿದ್ದವು. ಟೈರು! ಚಕ್ರದ ಒಂದು ಚೂರು ಒಳಗಿದೆ ಅಂದಮೇಲೆ ಉಳಿದ ಬೈಕ್ ಎಲ್ಲಿ ಹೋಯಿತು?

ಶನಿವಾರ ಬೆಳಗ್ಗೆ ಅವಳು ಪತ್ರಿಕೆಯ ಆಫೀಸಿನಲ್ಲಿದ್ದಳು. ಜೊತೆಗೆ ಮಂಡಿನೋವಿನ ಅಜ್ಜಿ. ಅಪ್ಪ ಬರುವುದಿಲ್ಲ ಅಂದುಬಿಟ್ಟಿದ್ದ.

ಮುಂದಿನ ಮೇಜಿನಾತ ಮೂಲೆಯ ಪೆಟ್ಟಿಗೆ ತೋರಿಸಿದ. "ದೂರು ಇದ್ರೆ ಬರೆದು ಅದರಲ್ಲಿ ಹಾಕಿ."

"ಯಾವಾಗ ಓದ್ತೀರಿ?"

"ಸೋಮವಾರದ ಮೇಲೆ."

"ವಿಚಾರಣೆ ಸೋಮವಾರವೇ ಇದೆ. ನಾವು ಇಲ್ಲೇ ಕೂತಿರ್ತೀವಿ," ಅಂದಳು ಜಿಗಣೆ.

ಕೂತರು. ಗಡಿಯಾರದ ದೊಡ್ಡ ಮುಳ್ಳು ಎರಡು ಸುತ್ತು ಹೊಡೆಯಿತು. ಅಜ್ಜಿ ಮಂಡಿ ನೀವಿಕೊಳ್ಳುತ್ತಾ, ಬಂದುಹೋಗುವ ಪ್ರತಿಯೊಬ್ಬರಿಗೂ "ನಮ್ಮ ಹುಡುಗನ ಫೋಟೋ ಕೊಯ್ದಿದ್ದು ನೀವೇನಾ?" ಅಂತ ಕೇಳತೊಡಗಿದಳು. ಕೊನೆಗೆ ಮೇಜಿನಾತನೇ ಸೋತು ಒಳಗೆ ಫೋನ್ ಮಾಡಿದ.

ಒಳಗೆ ಉದ್ದದ ಹಾಲು, ಸಾಲು ಸಾಲು ಕಂಪ್ಯೂಟರ್. ಪುಟ ಕಟ್ಟುವ ಅಣ್ಣ ಒಬ್ಬ ಕತ್ತರಿಸುವ ಮೊದಲಿನ ಫೋಟೋ ಹುಡುಕಿ ತೆಗೆದ. ಪರದೆಯ ತುಂಬಾ ಚಿತ್ರ ಬಂತು. ಅಪ್ಪ, ಮುದುಕಿ, ಮತ್ತು ಅವಳ ಕಾಲಿನಿಂದ ಒಂದು ಮೊಳ ದೂರದಲ್ಲಿ ನುಗ್ಗಿ ಬರುತ್ತಿರುವ ಬೈಕ್!

ಈಗ ಅಪ್ಪನ ತೆರೆದ ಬಾಯಿ ಬೈಯುತ್ತಿರಲಿಲ್ಲ. ಎಚ್ಚರಿಸುತ್ತಿತ್ತು. ಅದೇ ಬಾಯಿ, ಅದೇ ಕೈ. ಜಿಗಣೆಗೆ ಅಳು ಬಂದುಬಿಟ್ಟಿತು.

"ಯಾಕೆ ಕತ್ತರಿಸಿದ್ರಿ?"

ಅಣ್ಣ ಕತ್ತು ತುರಿಸಿಕೊಂಡ. "ಮೂರು ಕಾಲಂ ಜಾಗ ಇಟ್ಟಿದ್ದೆ. ಕೊನೇ ಗಳಿಗೇಲಿ ಒಂದು ಜಾಹೀರಾತು ಬಂತು. ಎರಡೇ ಕಾಲಂ ಉಳೀತು. ಬದಿ ತೆಗೆದೆ. ಮುಖಗಳು ಸರಿಯಾಗಿ ಬರಲಿ ಅಂತಷ್ಟೇ ನೋಡ್ತಿದ್ದೆ ಮರಿ. ನಿಮ್ಮಪ್ಪನಿಗೆ ಕೇಡು ಬಗೆಯೋಕಲ್ಲ."

"ಪ್ರತ್ಯಕ್ಷ ಕಂಡ್ರೂ ಪರಾಂಬರಿಸಿ ನೋಡು ಅಂತಾರೆ," ಅಜ್ಜಿ ಸೊಂಟದ ಮೇಲೆ ಕೈ ಇಟ್ಟಳು. "ನೀನು ಪ್ರತ್ಯಕ್ಷವನ್ನೇ ಕೊಯ್ದುಬಿಟ್ಯಲ್ಲೋ ಮಹಾರಾಯ!"

ಸಂಪಾದಕಿ ಎದ್ದು ಬಂದರು. ಇಡೀ ಫೋಟೋ ನೋಡಿದರು. ಅವರ ಮುಖ ಸಣ್ಣದಾಯಿತು. "ತಪ್ಪು ನಮ್ಮದೇ. ನಾಳೆ ತಿದ್ದುಪಡಿ ಹಾಕ್ತೀವಿ."

"ಮೊದಲ ಪುಟದಲ್ಲಾ? ಫೋಟೋ ಸಮೇತ?"

"ತಿದ್ದುಪಡಿ ಯಾವಾಗ್ಲೂ ಒಂಬತ್ತನೇ ಪುಟದಲ್ಲೇ ಬರೋದು. ಪದ್ಧತಿ ಹಾಗಿದೆಯಮ್ಮಾ."

"ತಪ್ಪು ಮೊದಲ ಪುಟದಲ್ಲಿತ್ತಲ್ಲ ಮೇಡಂ?"

ಸಂಪಾದಕಿ ಹೌದೆಂದು ತಲೆಯಾಡಿಸಿದರು. ಆದರೆ ಪದ್ಧತಿಯನ್ನು ಮುರಿಯಲಿಲ್ಲ. ಇಡೀ ಫೋಟೋವನ್ನು ದೊಡ್ಡದಾಗಿ ಎರಡು ಪ್ರಿಂಟ್ ತೆಗೆಸಿ, ಒಂದರ ಹಿಂದೆ ಸಹಿ ಹಾಕಿ ಕೊಟ್ಟರು.

ಭಾನುವಾರ ತಿದ್ದುಪಡಿ ಬಂತು. ಬೆಂಕಿಪೊಟ್ಟಣದಷ್ಟು ಜಾಗ, ನಾಲ್ಕು ಸಾಲು. ಸೋಮವಾರ ಅಪ್ಪ ಸಹಿ ಇದ್ದ ಪ್ರಿಂಟ್ ಹಿಡಿದುಕೊಂಡು ಡಿಪೋಗೆ ಹೋದ. ಸಂಜೆ ಶಾಲೆಯಿಂದ ಬಂದರೆ ಮೊಳೆಯ ಮೇಲೆ ಟಿಕೆಟ್ ಚೀಲ ಇರಲಿಲ್ಲ; ಅಪ್ಪ ಡ್ಯೂಟಿಗೆ ಹೋಗಿಯಾಗಿತ್ತು. ಜಿಗಣೆ ಆ ಖಾಲಿ ಮೊಳೆ ನೋಡಿ ಅಡುಗೆಮನೆಯ ತನಕ ಕುಣಿದಳು.

ಆದರೆ ಶಾಲೆಯಲ್ಲಿ ಒಂಬತ್ತನೇ ಪುಟ ಓದಿದವರು ಒಬ್ಬರೂ ಇರಲಿಲ್ಲ. "ಏಯ್, ತಳ್ಳಬೇಡ ಕಣೇ, ನೀನು ಕಂಡಕ್ಟರಾ?" ಅಂತ ಲೌಡ್‌ಸ್ಪೀಕರ್ ಸಾಲಿನಲ್ಲಿ ಕೂಗಿದ. ಎಲ್ಲರೂ ನಕ್ಕರು.

ಆ ವಾರದ ಗೋಡೆಪತ್ರಿಕೆ ಮಾಡುವ ಸರದಿ ಜಿಗಣೆಯದೇ ಆಗಿತ್ತು. ಟೀಚರನ್ನು ಕೇಳಿ ಇನ್ನೊಂದು ಪ್ರಿಂಟನ್ನು ನಡುಮಧ್ಯೆ ಅಂಟಿಸಿದಳು, ಒಂದು ಕೂದಲೆಳೆಯಷ್ಟೂ ಕತ್ತರಿಸದೆ. ಪಕ್ಕದಲ್ಲಿ ನಡೆದದ್ದನ್ನೆಲ್ಲ ಬರೆದಳು. ಎರಡು ಸಂಜೆ ಕೂತು ಬರೆದ ಒಂದೂವರೆ ಹಾಳೆ! ಕೊನೆಯ ಅರ್ಧ ಹಾಳೆಯಲ್ಲಿ ಲೌಡ್‌ಸ್ಪೀಕರಿನ ಜನ್ಮ ಜಾಲಾಡಿದ್ದಳು.

ಆಗ ಟೀಚರ್ ಇನ್ನೊಂದು ಫೋಟೋ ಕೊಟ್ಟರು. "ಸ್ವಚ್ಛತಾ ದಿನದ್ದು. ಇದೂ ಬರಲೇಬೇಕು."

ಫೋಟೋದಲ್ಲಿ ಹೆಡ್‌ಮಿಸ್ ಬೆನ್ನು ಮಾಡಿ ನಿಂತಿದ್ದಾರೆ. ಹಿಂದೆ ಲೌಡ್‌ಸ್ಪೀಕರ್ ಪೊರಕೆ ಎತ್ತಿದ್ದಾನೆ. ಮೇಲೆ ಮೂಲೆಯಲ್ಲಿ ಮೀನುಬಲೆಯಷ್ಟು ದೊಡ್ಡ ಜೇಡರಬಲೆ.

ಹಾಳೆಯ ಮೇಲೆ ಉಳಿದ ಜಾಗಕ್ಕೆ ಫೋಟೋ ಎರಡು ಬೆರಳು ಜಾಸ್ತಿಯಾಯಿತು. ಜಿಗಣೆ ಮೇಲಿನ ಎರಡು ಬೆರಳನ್ನು ಅಂಗೈಯಿಂದ ಮುಚ್ಚಿ ನೋಡಿದಳು. ಜೇಡರಬಲೆ ಮಾಯ! ಲೌಡ್‌ಸ್ಪೀಕರ್ ಹೆಡ್‌ಮಿಸ್ ತಲೆಗೆ ಪೊರಕೆ ಬೀಸುತ್ತಿದ್ದ.

ಅವಳು ಕಿಸಕ್ಕನೆ ನಕ್ಕಳು. ಕೈ ತೆಗೆದಳು. ಬಲೆ ಬಂತು. ಮತ್ತೆ ಮುಚ್ಚಿದಳು. ಈ ಸಲ ಇನ್ನೂ ಜೋರಾಗಿ ನಗು ಬಂತು. ಇಡೀ ಶಾಲೆ ನಗುತ್ತದೆ! ಯಾಕೆ ಕತ್ತರಿಸಿದೆ ಅಂದರೆ, ಜಾಗ ಇರಲಿಲ್ಲ ಅಂದರಾಯಿತು. ಸುಳ್ಳೂ ಅಲ್ಲ.

ಕತ್ತರಿ ತೆಗೆದುಕೊಂಡಳು. ಅಂಚಿಗೆ ತಾಗಿಸಿದಳು.

ಎದುರಿಗೆ, ನಡುಮಧ್ಯದ ಫೋಟೋದಲ್ಲಿ, ಅಪ್ಪ ಬಾಯಿ ತೆರೆದುಕೊಂಡು ನಿಂತಿದ್ದ.

ಜಿಗಣೆ ಕತ್ತರಿಯನ್ನು ಅಂಚಿನಿಂದ ಹಿಂದಕ್ಕೆ ತೆಗೆದಳು. ಆಮೇಲೆ ಫೋಟೋ ಪಕ್ಕಕ್ಕಿಟ್ಟು ತನ್ನ ಒಂದೂವರೆ ಹಾಳೆ ಎತ್ತಿಕೊಂಡಳು. ಕೊನೆಯ ಅರ್ಧ ಹಾಳೆಯನ್ನು ಕತ್ತರಿಸಿ ತೆಗೆದಳು. ಜಾಗ ಸಾಕಷ್ಟಾಯಿತು.

ಮರುದಿನ ಗೋಡೆಯ ಮುಂದೆ ಗುಂಪು ಸೇರಿತ್ತು. ಲೌಡ್‌ಸ್ಪೀಕರ್ ಬೈಕಿನ ಫೋಟೋವನ್ನು ತುಂಬಾ ಹೊತ್ತು ನೋಡಿದ. ಬೈಕಿನ ಚಕ್ರದ ಮೇಲೆ ಬೆರಳಿಟ್ಟ. ನಂತರ ತನ್ನ ಫೋಟೋ ಕಣ್ಣಿಗೆ ಬಿತ್ತು. ಕೈ ಚಾಚಿ ಅದರ ಮೇಲ್ಭಾಗ ಮುಚ್ಚಿದ. ತೆಗೆದ. ಇನ್ನೊಮ್ಮೆ ಮುಚ್ಚಿ ತೆಗೆದು, ತಿರುಗಿ ಜಿಗಣೆಯನ್ನು ಹುಡುಕಿದ.

ಅವಳು ಬೆರಳಿಗೆ ಅಂಟಿದ್ದ ಗೋಂದು ಉಜ್ಜುತ್ತಾ ಬಾಗಿಲ ಹತ್ತಿರವೇ ನಿಂತಿದ್ದಳು.