ಬಿಗಿಯಮ್ಮನ ರಸ್ತೆಯಾಚೆ ಒಬ್ಬ ಸಡಿಲಪ್ಪ

"ಈ ಕೋಟು ನೀವು ಕತ್ತರಿಸಿದ್ದೇ ತಾನೇ?"

ಅವಳ ಟೈಲರ್ ಅಂಗಡಿ ತುಂಬ ಗಿರಾಕಿಗಳಿದ್ದರು. ಎದುರಂಗಡಿಯ ಹೊಸ ಟೈಲರ್ ಬಂದವನೇ ಕಟಿಂಗ್ ಮೇಜಿನ ಮೇಲೆ ಕೋಟೊಂದನ್ನು ಒಳಮೈ ಹೊರಗೆ ಮಾಡಿ ಹರವಿದ್ದ.

ಅವಳು ಕತ್ತರಿ ಕೆಳಗಿಡಲಿಲ್ಲ. "ಹೌದು. ಏನೀಗ?"

"ಒಳಗೆ ಹೊಲಿಗೆಯಲ್ಲಿ ಒಂದು ಬೆರಳಷ್ಟೂ ಬಟ್ಟೆ ಬಿಟ್ಟಿಲ್ಲ ನೀವು. ಈ ಕೋಟಿನವರು ಈಗ ಸ್ವಲ್ಪ ಮೈಕೈ ತುಂಬಿಕೊಂಡಿದ್ದಾರೆ. ಸಡಿಲ ಮಾಡಿಕೊಡಿ ಅಂತ ನನ್ನ ಹತ್ರ ಬಂದ್ರು. ಎಲ್ಲಿಂದ ಮಾಡ್ಲಿ ಹೇಳಿ?"

"ಬಟ್ಟೆ ಬಿಟ್ರೆ ಒಳಗೆ ದಪ್ಪ ಆಗುತ್ತೆ, ಕೋಟು ಮೈಗೆ ಕೂರಲ್ಲ. ನಾನು ಕತ್ತರಿಸಿದ್ದನ್ನ ಬಿಚ್ಚಿ ಹೊಲಿಯೋ ಪ್ರಮೇಯ ಇದುವರೆಗೆ ಬಂದಿಲ್ಲ."

"ಕೋಟು ಹಾಗೇ ಇರುತ್ತೆ ರೀ. ಮನುಷ್ಯನೂ ಹಾಗೇ ಇರಬೇಕಲ್ಲ."

ಗಿರಾಕಿಗಳಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು.

'ನನ್ನ ಅಂಗಡಿಗೆ ಬಂದು, ನನ್ನ ಗಿರಾಕಿಗಳ ಮುಂದೆ, ನನಗೇ ಪಾಠ...'

"ಊಟ ಕಡಿಮೆ ಮಾಡೋಕೆ ಹೇಳಿ ಅವರಿಗೆ," ಎಂದಳು. "ಇನ್ನೇನಾದ್ರೂ ಇದೆಯಾ?"

"ಇದೆ." ಅವನು ಬಗ್ಗಿ ಹೊಲಿಗೆಯ ಮೇಲೆ ಮೆಲ್ಲಗೆ ಬೆರಳಾಡಿಸಿದ. "ಇಷ್ಟು ಚೆಂದದ ಹೊಲಿಗೆ ನಾನು ಎಲ್ಲೂ ನೋಡಿಲ್ಲ. ಪೂರ್ತಿ ಬಿಚ್ಚೋಕೆ ಮನಸ್ಸೇ ಬರ್ಲಿಲ್ಲ. ಇದೇ ಬಟ್ಟೆಯ ತುಂಡು ಉಳಿದಿದ್ರೆ ಕೊಡಿ. ಕಂಕುಳ ಕೆಳಗೆ ಒಂದು ಪಟ್ಟಿ ಸೇರಿಸ್ತೀನಿ. ಉಳಿದದ್ದು ಮುಟ್ಟಲ್ಲ."

ಬೈಯಲು ಹೊರಟ ಬಾಯಿ ಹಾಗೇ ನಿಂತಿತು. ಅವಳು ಕಪಾಟು ತೆಗೆದು ತುಂಡು ಬಟ್ಟೆ ಹುಡುಕಿ ಕೊಟ್ಟಳು. ಅವನು ಹೋದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. ಅವನು ಹೊಗಳಿದ್ದು ತನಗೆ ಇಷ್ಟವಾಯಿತಲ್ಲ, ಸಿಟ್ಟು ಅದಕ್ಕೇ.

ಬೀದಿಯವರು ಅವಳಿಗೆ ಇಟ್ಟ ಹೆಸರು ಬಿಗಿಯಮ್ಮ. ಮೈಗೆ ಅಂಟಿದಂತೆ ಕೂರುವ ಕೋಟು ಹೊಲಿಯುತ್ತಾಳೆ ಎಂಬುದು ಅರ್ಧ ಕಾರಣ. ಇನ್ನರ್ಧ ಏನೆಂದು ಅವಳ ಮುಖ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎದುರು ಸಾಲಿನಲ್ಲಿ ಹೊಸದಾಗಿ ಅಂಗಡಿ ತೆರೆದು, ಗಾಳಿಯಾಡುವಂಥ ದೊಗಳೆ ಕೋಟು ಹೊಲಿಯುತ್ತಿದ್ದ ಈ ಹುಡುಗನಿಗೆ ಸಡಿಲಪ್ಪ ಎಂದು ಹೆಸರು ಬೀಳಲು ತಡವಾಗಲಿಲ್ಲ.

ಆದರೆ ಬಿಗಿಯಮ್ಮನ ಬಿಗುಮಾನ ಸುಮ್ಮನೆ ಬಂದದ್ದಲ್ಲ.

ಅದು ಅವಳ ಅಪ್ಪನ ಅಂಗಡಿ. ಒಂದು ಕಾಲಕ್ಕೆ ಮಾಸ್ಟರ್ ಎಂದರೆ ಆ ಬೀದಿಯಲ್ಲಿ ಅವರೊಬ್ಬರೇ. ಅಗಲ ಭುಜ, ಧಾರಾಳ ಮೈ, ನಡೆದರೆ ಹಿಂದೆ ಅಲೆಯಾಡುವ ಕೋಟು... ಅದು ಅವರ ಕೈಗುಣ. ಆಮೇಲೆ ಕಾಲ ತಿರುಗಿತು. ಬಂದವರೆಲ್ಲ "ಸ್ಲಿಮ್ ಫಿಟ್ ಬೇಕು, ಮಾಸ್ಟರ್" ಎನ್ನತೊಡಗಿದರು. ಅಪ್ಪ ಜಪ್ಪಯ್ಯ ಅನ್ನಲಿಲ್ಲ. "ಉಸಿರಾಡೋಕೆ ಜಾಗ ಇಲ್ಲದ್ದು ಕೋಟಲ್ಲ, ಗಾಯಕ್ಕೆ ಸುತ್ತೋ ಪಟ್ಟಿ," ಎಂದು ವಾಪಸು ಕಳಿಸಿದರು. ಮೆಷಿನ್‌ಗಳ ಮೇಲೆ ಧೂಳು ಕೂತಿತು.

ಆಗ ಕತ್ತರಿ ಎತ್ತಿಕೊಂಡವಳು ಮಗಳು. "ಅಪ್ಪಾ, ನೀವು ಸುಮ್ಮನೆ ಕೂತ್ಕೊಳ್ಳಿ. ನಾನು ನೋಡ್ಕೊಳ್ತೀನಿ," ಎಂದಳು. ನೋಡಿಕೊಂಡಳು ಕೂಡ. ಮುಚ್ಚಲಿದ್ದ ಅಂಗಡಿಯ ಮುಂದೆ ಜನ ಕಾಯುವಂತೆ ಮಾಡಿದಳು. ಅದಕ್ಕೆ ಅವಳು ತಲೆ ಎತ್ತಿ ನಡೆದರೆ ತಪ್ಪೇನು ಹೇಳಿ?

ಅಪ್ಪ ಅಂದಿನಿಂದ ಮೂಲೆಯ ಸ್ಟೂಲಿನಲ್ಲಿ ಕೂತು ಕಾಜಾ ಗುಂಡಿ ಹಾಕುತ್ತಿದ್ದರು. ಅಪ್ಪನಿಗೆ ಒಳ್ಳೆಯ ವಿಶ್ರಾಂತಿ ಸಿಕ್ಕಿತು ಎಂದು ಅವಳು ಅಂದುಕೊಂಡಿದ್ದಳು.

ಈಗ ನೋಡಿದರೆ ಕಾಲ ಮತ್ತೆ ಮಗ್ಗುಲು ಬದಲಿಸಿತ್ತು. ಕಾಲೇಜು ಹುಡುಗರು ಬಂದು, "ನಮ್ಮ ತಾತನ ಫೋಟೋದಲ್ಲಿರೋ ಥರ ಲೂಸಾಗಿ ಬೇಕು, ಅಕ್ಕ," ಎನ್ನುತ್ತಿದ್ದರು.

"ಅಷ್ಟು ಲೂಸ್ ಬೇಕಿದ್ರೆ ಕಂಬಳಿ ಹೊದ್ಕೊಂಡು ಹೋಗಿ," ಎನ್ನುತ್ತಿದ್ದಳು ಅವಳು.

ಅವರು ನಗುತ್ತಾ ರಸ್ತೆ ದಾಟಿ ಸಡಿಲಪ್ಪನ ಅಂಗಡಿ ಹೊಗುತ್ತಿದ್ದರು. ದೊಗಳೆ ಕೋಟು ಹೊಲಿಯುವುದೆಂದರೆ ಅವಳ ಪಾಲಿಗೆ ಸೋತೆ ಎಂದು ಬೋರ್ಡು ಹಾಕಿಕೊಂಡಂತೆ.

ಮಜಾ ಏನೆಂದರೆ, ಆ ಸಡಿಲಪ್ಪ ಮಾತ್ರ ರಸ್ತೆ ದಾಟಿ ಇತ್ತ ಬರುವುದನ್ನು ಬಿಡಲಿಲ್ಲ. ಒಂದು ದಿನ ಚಾಕ್ ಮುಗಿಯಿತು ಎಂದು, ಇನ್ನೊಂದು ದಿನ ಕಪ್ಪು ದಾರ ಎಂದು, ಮತ್ತೊಂದು ದಿನ ಇಸ್ತ್ರಿ ಪೆಟ್ಟಿಗೆ ಕೆಟ್ಟಿತು ಎಂದು.

"ಅಂಗಡಿ ತೆರೆಯೋವಾಗ ಸಾಮಾನು ತರೋದು ಮರೆತ್ರಾ?" ಎಂದು ಕೇಳಿದ್ದಳು ಒಮ್ಮೆ.

"ಮರೆತಿದ್ದೇ ಒಳ್ಳೇದಾಯ್ತು," ಎಂದಿದ್ದ ಅವನು, ತೀರಾ ಗಂಭೀರವಾಗಿ.

ಅವನು ಬಾರದ ದಿನ ಅವಳ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. 'ನನಗೇನಾಗಿದೆ? ಗಿರಾಕಿಗಳನ್ನ ಕಿತ್ಕೊಳ್ತಿರೋನು ಅವನು...' ಎಂದು ತನಗೆ ತಾನೇ ಗದರಿಕೊಳ್ಳುತ್ತಿದ್ದಳು. ಮನಸ್ಸು ಕೇಳಬೇಕಲ್ಲ.

ಅದೇ ದಿನಗಳಲ್ಲಿ ಅಪ್ಪ ಮಧ್ಯಾಹ್ನ ವಾಕಿಂಗ್ ಶುರು ಮಾಡಿದರು. ಮರಳಿ ಬಂದಾಗ ಮುಖದಲ್ಲಿ ಕಳೆ ಇರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅವರ ಬಾಯಲ್ಲಿ ಸಿಳ್ಳೆ ಕೇಳಿಸಿತು. ನಡೆದಾಡಿದರೆ ಒಳ್ಳೆಯದೇ ಎಂದು ಅವಳೂ ಖುಷಿಪಟ್ಟಳು.

ಒಂದು ಮಧ್ಯಾಹ್ನ ಹಳೆಯ ಗಿರಾಕಿ, ಶಾಲೆಯ ಮೇಷ್ಟ್ರು, ಪ್ಯಾಂಟು ಒಯ್ಯಲು ಬಂದರು. ಮೈಮೇಲೆ ಹೊಸ ಕೋಟು, ಸಡಿಲವಾದದ್ದು. ಎಷ್ಟು ಬೇಡವೆಂದರೂ ಅವಳ ಕಣ್ಣು ಅದರ ಮೇಲೆ ಹೋಯಿತು. ಭುಜದಿಂದ ತೋಳು ಒಂದು ಸುಕ್ಕಿಲ್ಲದೆ ಇಳಿದಿತ್ತು.

"ಸ್ವಲ್ಪ ಕಾಲರ್ ನೋಡ್ಲಾ, ಮೇಷ್ಟ್ರೇ?"

ಕಾಲರ್ ಮಗುಚಿದಳು. ಕೈಹೊಲಿಗೆಯ ಸಣ್ಣ ಎಳೆಗಳು ಎಲ್ಲರ ಹೊಲಿಗೆಯಂತೆ ಬಲಕ್ಕೆ ವಾಲಿರಲಿಲ್ಲ, ಎಡಕ್ಕೆ ವಾಲಿದ್ದವು. ಆ ಬೀದಿಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವವರು ಒಬ್ಬರೇ ಇದ್ದರು.

ಅವಳು ಮೇಷ್ಟ್ರನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದಳು.

ಸಡಿಲಪ್ಪನ ಕಟಿಂಗ್ ಮೇಜಿನ ಮುಂದೆ ಅಪ್ಪ ನಿಂತಿದ್ದರು. ಬೆನ್ನು ನೆಟ್ಟಗೆ, ಎಡಗೈಯಲ್ಲಿ ಚಾಕ್. ಅವನು ಪಕ್ಕದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ. ಬೆಂಚಿನ ತುಂಬ ಗಿರಾಕಿಗಳು.

'ಹಾಗಾದ್ರೆ ಆ ಚಾಕ್, ದಾರ, ಆ ಹೊಗಳಿಕೆ... ಎಲ್ಲಾ ಇದಕ್ಕೇನಾ?'

"ದಾರದ ನೆಪದಲ್ಲಿ ಬಂದು ಬಂದು ನಮ್ಮಪ್ಪನ್ನೇ ಎತ್ಕೊಂಡು ಬಂದ್ರಲ್ಲ," ಎಂದಳು. "ಗಿರಾಕಿಗಳು ಸಾಲಲಿಲ್ವಾ ನಿಮಗೆ? ನಾಚಿಕೆ ಅನ್ನೋದು ಇದೆಯಾ? ವಯಸ್ಸಾದವರ ಕೈಲಿ ದುಡಿಸ್ಕೊಂಡು ಹೆಸರು ಮಾಡ್ತೀರಲ್ಲ, ಕಳ್ಳತನ ಅಂದ್ರೆ ಇದೇ."

ಅವನ ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದವನು ಅಪ್ಪನ ಕಡೆ ನೋಡಿದ, ಬೆಂಚಿನಲ್ಲಿ ಕೂತವರ ಕಡೆ ನೋಡಿದ, ಬಾಯಿ ಮುಚ್ಚಿಕೊಂಡ.

ಆ ಮೌನವೇ ಸಾಕ್ಷಿ ಎಂದುಕೊಂಡಳು ಅವಳು.

ಅಪ್ಪ ಚಾಕ್ ಮೇಜಿನ ಮೇಲಿಟ್ಟರು. "ನಡಿ ಮಗಳೇ, ಮನೆಗೆ."

ಮನೆಯಲ್ಲಿ ಅವರು ನೀರು ಕುಡಿದು, ಕುರ್ಚಿಯಲ್ಲಿ ಕೂತು ಮಾತಾಡಿದರು.

"ಅವನು ನನ್ನ ಕರೀಲಿಲ್ಲ. ನಾನೇ ಹೋದೆ. ಹೊರಗೆ ನೇತುಹಾಕಿದ ಕೋಟಿನ ಭುಜ ಜೋತುಬಿದ್ದಿತ್ತು. ಹೇಳದೇ ಇರೋಕೆ ಆಗ್ಲಿಲ್ಲ. ಹೇಗೆ ಅಂತ ತೋರಿಸಿಕೊಡಿ ಮಾಸ್ಟರ್ ಅಂತ ಕತ್ತರಿ ಕೈಗಿಟ್ಟ."

"ನಿಮಗೆ ಕತ್ತರಿ ಬೇಕಿತ್ತಾ, ಅಪ್ಪಾ? ನಾನು... ನೀವು ಆರಾಮಾಗಿರ್ಲಿ ಅಂತ..."

"ಕೇಳಿದ್ಯಾ ನನ್ನ?"

ಅವಳು ಎದುರಿನ ಗೋಡೆಗೆ ಒರಗಿ ಕೂತಳು.

"ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಕಣೇ. ನೀನು ಅಂಗಡಿ ಎತ್ತಿ ನಿಲ್ಲಿಸಿದೋಳು. ನನ್ನ ಮಗಳು ಅಂತ ಹೇಳ್ಕೊಂಡು ತಿರುಗ್ತೀನಿ ನಾನು. ಆದ್ರೆ ನನ್ನ ಅಂಗಡೀಲೇ ನಾನು ಗುಂಡಿ ಹಾಕೋನು ಆಗ್ಬಿಟ್ಟೆ." ಅವರು ಕನ್ನಡಕ ತೆಗೆದು ಒರೆಸಿದರು. "ನಿನಗೆ ಹೇಳೋಣ ಅಂತ ಆ ಹುಡುಗ ದಿನಾ ಗೋಗರೆದ. ನಾನೇ ಬೇಡ ಅಂದೆ. ಅಪ್ಪನ ಸಡಿಲ ಕೋಟು ಮತ್ತೆ ಬೇಕಾಯ್ತು ಅಂದ್ರೆ ನಿನಗೆ ಸೋಲು ಅನ್ನಿಸಬಾರದಲ್ಲ."

"ಮತ್ತೆ ಅವರು ಯಾಕೆ ಬಾಯಿ ಬಿಡ್ಲಿಲ್ಲ, ನಾನು ಅಷ್ಟು ಬೈದಾಗ?"

"ಏನಂತ ಬಿಡ್ತಾನೆ? ನೀವು ನಿಮ್ಮಪ್ಪನಿಗೆ ಕತ್ತರಿ ಕೊಡ್ಲಿಲ್ಲ, ಅದಕ್ಕೇ ಇಲ್ಲಿಗೆ ಬಂದ್ರು ಅಂತ ಊರಿನವರ ಮುಂದೆ ಹೇಳ್ಬೇಕಿತ್ತಾ? ನಿನ್ನ ಮಾನ ಹೋಗ್ಬಾರ್ದು ಅಂತ ತನ್ನ ಮಾನ ಬಿಟ್ಟ ಅವನು."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಬಿಗಿಯಮ್ಮ ಅತ್ತದ್ದನ್ನು ಅಪ್ಪ ನೋಡಿ ಬಹಳ ಕಾಲವಾಗಿತ್ತು. ಅವರು ಎದ್ದು ಬಂದು ತಲೆ ಸವರಿದರು.

ಮರುದಿನ ಅಪ್ಪ ರಸ್ತೆ ದಾಟಿ ಹೋದಾಗ ಸಡಿಲಪ್ಪ ಬಾಗಿಲಲ್ಲೇ ಕೈಮುಗಿದ. "ಅಪ್ಪ ಮಗಳ ನಡುವೆ ನಾನು ಬರಬಾರದು, ಮಾಸ್ಟರ್. ಅವರ ಒಪ್ಪಿಗೆ ಇಲ್ದೆ ನೀವು ಬರೋದು ಬೇಡ," ಎಂದು ವಾಪಸು ಕಳಿಸಿದ.

ಅಪ್ಪ ಅಂಗಡಿಗೆ ಬಂದಾಗ ಕಟಿಂಗ್ ಮೇಜಿನ ಅರ್ಧ ಭಾಗ ಖಾಲಿಯಾಗಿತ್ತು. ಮಗಳು ಕತ್ತರಿಯ ಹಿಡಿಯನ್ನು ಅವರ ಕಡೆ ತಿರುಗಿಸಿ ಚಾಚಿದಳು.

"ಸಡಿಲ ಕೋಟು ಹೇಗೆ ಕತ್ತರಿಸೋದು ಅಂತ ಹೇಳ್ಕೊಡಿ, ಅಪ್ಪಾ."

ಹೆಚ್ಚು ಬಟ್ಟೆ ಇಟ್ಟರೆ ಸಡಿಲ ಕೋಟಾಯಿತು ಎಂದು ನಂಬಿದ್ದವಳು ಅವಳು. ಮೊದಲನೆಯದನ್ನು ಬೊಂಬೆಗೆ ತೊಡಿಸಿದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗೋಣಿಚೀಲ ಕಣೇ ಇದು. ಬಿಗಿ ಕೋಟಿಗೆ ಇಡೀ ಮೈ ಆಸರೆ. ಇದಕ್ಕೆ ಭುಜ ಒಂದೇ ಆಸರೆ. ಅಲ್ಲಿ ತಪ್ಪಿದ್ರೆ ಎಲ್ಲಾ ತಪ್ತು. ಬಿಚ್ಚು."

ಬಿಚ್ಚಿದಳು. ಕತ್ತರಿಸಿದಳು. ಮತ್ತೆ ಬಿಚ್ಚಿದಳು. ಕೊನೆಗೊಮ್ಮೆ ಅಪ್ಪ ಕೋಟಿನ ಸುತ್ತ ಒಂದು ಸುತ್ತು ಬಂದು, ಅದನ್ನು ಒಯ್ದು ಗಾಜಿನ ಕಪಾಟಿನಲ್ಲಿ ನೇತುಹಾಕಿದರು, ಅವಳ ಅತಿ ಒಳ್ಳೆಯ ಸ್ಲಿಮ್ ಫಿಟ್‌ನ ಪಕ್ಕದಲ್ಲೇ. ಅದನ್ನು ನೋಡುತ್ತಾ ನಿಂತವಳಿಗೆ ಎದೆ ತುಂಬಿ ಬಂತು. ತಾನು ಸೋತೆ ಎಂದು ಅವಳಿಗೆ ಒಂಚೂರೂ ಅನ್ನಿಸಲಿಲ್ಲ.

ಆದರೆ ಇನ್ನೊಂದು ಕೆಲಸ ಬಾಕಿ ಇತ್ತಲ್ಲ...

"ಸಂಜೆ ಅಂಗಡಿ ಮುಚ್ಚಿದ ಮೇಲೆ ಹೋಗಿ ಮಾತಾಡು," ಎಂದರು ಅಪ್ಪ.

"ಊಹೂಂ. ಬೈದಿದ್ದು ಎಲ್ಲರ ಮುಂದೆ, ಅಪ್ಪಾ. ಕ್ಷಮೆ ಕೇಳೋದು ಮೂಲೇಲಿ ಅಲ್ಲ."

ಗಿರಾಕಿಗಳು ಕಿಕ್ಕಿರಿದ ಹೊತ್ತು ನೋಡಿಯೇ ಅವಳು ರಸ್ತೆ ದಾಟಿದಳು. ಒಳಗಿನ ಮಾತು ಗಪ್ಪೆಂದು ನಿಂತಿತು. ಸಡಿಲಪ್ಪ ಮೆಷಿನ್ನಿನಿಂದ ಎದ್ದುನಿಂತ.

"ಆವತ್ತು ನಾನು ಇವರನ್ನ ಕಳ್ಳ ಅಂದೆ," ಎಂದಳು ಬೆಂಚಿನವರಿಗೆಲ್ಲ ಕೇಳುವಂತೆ. "ತಪ್ಪು ನನ್ನದು. ನಮ್ಮಪ್ಪನಂಥ ಕೈ ಈ ಬೀದೀಲಿ ಇಲ್ಲ. ಅವರನ್ನ ನಾನು ಗುಂಡಿ ಹಾಕೋಕೆ ಕೂರಿಸಿದ್ದೆ. ಅವರ ಕೈಗೆ ಮತ್ತೆ ಕತ್ತರಿ ಕೊಟ್ಟಿದ್ದು ಇವರು." ಆಮೇಲೆ ಅವನ ಕಡೆ ತಿರುಗಿದಳು. "ನನ್ನ ಕ್ಷಮಿಸಿ."

ಕಣ್ಣು ತುಂಬಿದ್ದವು. ಕತ್ತು ಮಾತ್ರ ನೆಟ್ಟಗೇ ಇತ್ತು.

ಅವನು ಹೆಗಲ ಮೇಲಿದ್ದ ಟೇಪನ್ನು ತೆಗೆದು ಅವಳ ಕೈಗೆ ಕೊಟ್ಟ.

"ನನ್ನ ಅಳತೆ ತಗೊಳ್ತೀರಾ?"

ಬೆಂಚಿನಲ್ಲಿ ಗುಸುಗುಸು ಎದ್ದಿತು. ಹೊಲಿಯುವವರ ಪೈಕಿ ಇದು ಯಾರೂ ಮಾಡದ ಕೆಲಸ. ತನ್ನ ಕೋಟನ್ನು ತಾನೇ ಹೊಲಿದುಕೊಳ್ಳುವುದು ಟೈಲರ್‌ನ ಹಮ್ಮು. ಇನ್ನೊಬ್ಬ ಟೈಲರ್‌ಗೆ ಅಳತೆ ಕೊಟ್ಟರೆ, ನಿನ್ನ ಕೈ ನನ್ನ ಕೈಗಿಂತ ಮೇಲು ಎಂದು ಒಪ್ಪಿಕೊಂಡಂತೆ.

"ಯೋಚನೆ ಮಾಡಿ ಕೇಳ್ತಿದ್ದೀರಾ?" ಎಂದಳು ಮೆಲ್ಲಗೆ.

"ಮೊದಲ ದಿನದಿಂದ ಯೋಚನೆ ಮಾಡ್ತಾ ಇದ್ದೀನಿ. ಚಾಕ್, ದಾರ ಎಲ್ಲಾ ನನ್ನ ಹತ್ರ ಡಬ್ಬಿಗಟ್ಟಲೆ ಇದೆ." ಅವನೂ ದನಿ ತಗ್ಗಿಸಿದ. "ನನ್ನ ಜೀವನಪೂರ್ತಿ ನಾನು ನೀವು ಹೊಲಿದ ಕೋಟೇ ಹಾಕ್ಕೋಬೇಕು ಅಂತ ಆಸೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಒಂದು ಮಾತು ಈಗ್ಲೇ ಹೇಳ್ಬಿಡ್ತೀನಿ. ನಾನು ನನ್ನ ಅಂಗಡಿ ಬಿಡಲ್ಲ."

"ಬಿಟ್ರೆ ನಾನು ಒಪ್ಪಲ್ಲ. ಎದುರಂಗಡಿಯೋಳು ನನ್ನ ಹೆಂಡ್ತಿ ಅಂತ ಬಂದವರಿಗೆಲ್ಲ ತೋರಿಸಿ ಮೆರೀಬೇಕು ನಾನು."

ಅವಳು ಟೇಪನ್ನು ಅವನ ಎದೆಯ ಸುತ್ತ ತಂದಳು. ತುದಿ ಎರಡು ಸಲ ಜಾರಿತು. ಅವನು ಕಲ್ಲಿನಂತೆ ನಿಂತಿದ್ದ.

"ಉಸಿರು ಬಿಡಿ. ಹಿಡ್ಕೊಂಡು ನಿಂತ್ರೆ ಅಳತೆ ತಪ್ಪುತ್ತೆ."

"ನೀವು ಇಷ್ಟು ಹತ್ರ ನಿಂತಿದ್ರೆ ಹೇಗೆ ಬಿಡ್ಲಿ?"

ಬೆಂಚಿನಲ್ಲಿದ್ದ ಅಜ್ಜರೊಬ್ಬರು ಕೆಮ್ಮಿ ಬೇರೆ ಕಡೆ ನೋಡಿದರು. ಅವನು ನಾಚಿ ತಲೆ ತಗ್ಗಿಸಿದ.

"ಬಿಗಿಯಾಗಿ ಹೊಲೀಲಾ, ಸಡಿಲವಾಗಾ?" ಎಂದು ಕೇಳಿದಳು.

"ಪಕ್ಕದಲ್ಲಿ ನಡೆಯೋವಾಗ ನಿಮಗೆ ಹೆಮ್ಮೆ ಅನ್ನಿಸ್ಬೇಕು. ಹಾಗೆ ಹೊಲೀರಿ."

ಅವಳು ಎರಡು ಬೆರಳಿನಿಂದ ಅವನ ಗಲ್ಲ ಎತ್ತಿದಳು.

"ಹಾಗಾದ್ರೆ ತಲೆ ಎತ್ತಿ ನಿಂತ್ಕೊಳ್ಳಿ. ನನ್ನ ಗಂಡ ಆಗೋನು ಬಗ್ಗಿ ನಿಂತ್ರೆ ನನಗೆ ಸರಿಹೋಗಲ್ಲ."