ಅಟ್ಟದ ಕೋಣೆಗೆ ಕಾಗದವಿಲ್ಲ

"ಅದು ನನ್ನ ಗಂಡ ಕಟ್ಟಿದ ಕೋಣೆ. ಅಲ್ಲಿ ಹಾಡಬೇಡಿ!"

ಮಾತು ಹೊರಬಿದ್ದ ಮೇಲೆ ಲಿನೆಟ್‌ಗೇ ಗಾಬರಿಯಾಯಿತು. ಮನೆ ನೋಡಲು ಬಂದ ಗಿರಾಕಿಯ ಮೇಲೆ ಯಾರಾದರೂ ಹೀಗೆ ರೇಗುತ್ತಾರೆಯೇ?

ಅಟ್ಟದ ಕೋಣೆಯ ನಡುವೆ ನಿಂತಿದ್ದವನು ಕಣ್ಣು ತೆರೆದ. ಇಳಿಜಾರು ಚಾವಣಿಗೆ ತಲೆ ತಾಗದಂತೆ ಕತ್ತು ಓರೆ ಮಾಡಿಕೊಂಡು, ಬಾಯಿ ಮುಚ್ಚಿ, ಗಂಟಲಲ್ಲೇ ಒಂದು ಸ್ವರ ಹಿಡಿದು ನಿಂತಿದ್ದ. ಎತ್ತರದ ಆಳು. ಬಸ್ ಡ್ರೈವರನ ನೀಲಿ ಕೋಟು. ಹೆಸರು ಗ್ಯಾರೆತ್ ಹೋಯ್ಲ್ ಎಂದು ಏಜೆಂಟ್ ಹೇಳಿದ್ದಳು.

"ಹಾಡಲಿಲ್ಲ ಮೇಡಂ. ಈ ಕೋಣೆ ಸ್ವರ ಹೇಗೆ ತಗೊಳ್ಳುತ್ತೆ ಅಂತ ನೋಡ್ದೆ. ನಾನು ಬ್ಯಾಂಡಲ್ಲಿ ಯುಫೋನಿಯಂ ಊದ್ತೀನಿ. ಕೂಸಿನ ಥರ ತೊಡೆ ಮೇಲೆ ಇಟ್ಕೊಂಡು ಊದೋ ಹಿತ್ತಾಳೆ ವಾದ್ಯ. ಈಗಿರೋ ಮನೇಲಿ ಅಕ್ಕಪಕ್ಕದವರು ಗೋಡೆ ಗುದ್ತಾರೆ."

"ಕೋಣೆ ಹೇಗೆ ತಗೊಳ್ತು?"

"ಚೆನ್ನಾಗಿ." ಅವನು ಅವಳ ಮುಖ ನೋಡಿದ. "ಆದರೆ ನೀವು ಬೇಡ ಅಂದ್ರೆ ಇಲ್ಲಿ ಯಾವತ್ತೂ ಊದಲ್ಲ."

ಮನೆ ಕೊಂಡ ಮೇಲೂ ನನ್ನ ಅಪ್ಪಣೆ ಕೇಳುತ್ತಾನಾ ಇವನು? ಲಿನೆಟ್‌ಗೆ ನಗು ಬಂತು. ಗಂಡ ನೀಲ್ ಸತ್ತ ಮೇಲೆ ಈ ಮನೆಯಲ್ಲಿ ಅವಳು ನಕ್ಕದ್ದೇ ಅಪರೂಪ. ನಗು ತುಟಿಯವರೆಗೆ ಬಂದು ಅಲ್ಲೇ ಹೆದರಿ ನಿಂತಿತು...

ಕೆಳಗಿನಿಂದ ಕೋಲು ಬಡಿದ ಸದ್ದು. "ಲಿನೆಟ್! ಆ ಮನುಷ್ಯ ಮನೆ ತಗೋತಾನೋ, ಕಛೇರಿ ಮಾಡೋಕೆ ಬಂದಿದಾನೋ?"

"ನಮ್ಮತ್ತೆ. ಬಾಯಿ ಸ್ವಲ್ಪ ಜೋರು," ಎಂದಳು ಲಿನೆಟ್.

"ಸ್ವರ ಶುದ್ಧವಾಗಿದೆ," ಎಂದ ಗ್ಯಾರೆತ್.

ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನ ಗುಡ್ಡದ ಬೀದಿಗಳಲ್ಲಿ ಮನೆಗಳೆಲ್ಲ ಕಿರಿದು, ಎತ್ತರ. ಒಂದರ ತಲೆಯ ಮೇಲೊಂದು ಕೋಣೆ. ಅತ್ತೆ ಡೋರೀನಳ ಮೊಣಕಾಲುಗಳು ಹೋದ ವರ್ಷ ಪೂರ್ತಿ ಕೈಕೊಟ್ಟವು. ಸ್ನಾನದ ಮನೆ ಇದ್ದದ್ದು ಮಹಡಿಯ ಮೇಲೆ. ಚಳಿಗಾಲ ಶುರುವಾದಂದಿನಿಂದ ಅವಳು ಬೀದಿಯ ಕಡೆಯ ಕೋಣೆಯ ಸೋಫಾದ ಮೇಲೇ ಮಲಗುತ್ತಿದ್ದಳು. ಪರದೆ ಎಳೆದು, ಪ್ಲಾಸ್ಟಿಕ್ ಬೋಗುಣಿಯಲ್ಲಿ ಬಿಸಿನೀರು ತಂದು, ಲಿನೆಟ್ ಅವಳ ಮೈ ಒರೆಸುತ್ತಿದ್ದಳು. ಅಷ್ಟು ಜೋರು ಬಾಯಿಯ ಹೆಂಗಸು ಆ ಹೊತ್ತಿನಲ್ಲಿ ಮಾತ್ರ ಒಂದು ಮಾತೂ ಆಡದೆ ಗೋಡೆ ನೋಡುತ್ತಿದ್ದಳು. ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು.

ಕೆಳಗಿನ ಕಣಿವೆಯಲ್ಲಿ ಮೆಟ್ಟಿಲೇ ಇಲ್ಲದ ಪುಟ್ಟ ಬಂಗಲೆಯೊಂದು ಸಿಕ್ಕಿತ್ತು. ಈ ಮನೆ ಮಾರಾಟವಾದರೆ ಅದು ಇವರದು. ಬಂಗಲೆಯ ಒಡೆಯರು ತಿಂಗಳ ಕೊನೆಯವರೆಗೆ ಕಾಯುತ್ತೇವೆಂದಿದ್ದರು.

ಗ್ಯಾರೆತ್ ಮನೆ ಕೊಳ್ಳಲು ಒಪ್ಪಿದ. ಆಮೇಲೆ ಅಟ್ಟದ ಕಿಟಕಿಯ ಪರದೆಗೆ ಅಳತೆ ಬೇಕೆಂದು ಒಮ್ಮೆ ಬಂದ. ಅಳತೆ ಬರೆದಿಟ್ಟ ಚೀಟಿ ಕಳೆದುಹೋಯಿತೆಂದು ಮತ್ತೆ ಬಂದ.

"ಆ ಚೀಟಿ ಬೇಕಂತಲೇ ಕಳ್ಕೊಂಡಿದಾನೆ," ಡೋರೀನ್ ಚಹಾದ ಬಟ್ಟಲ ಹಿಂದಿನಿಂದ ಸೊಸೆಯನ್ನು ನೋಡಿದಳು. "ಮುದುಕಿ ನಾನು, ಕುರುಡಿ ಅಲ್ಲ."

"ಅತ್ತೆ! ಸುಮ್ನಿರಿ!"

"ನಾನೇನು ಬೇಡ ಅಂದ್ನಾ? ನಿನ್ನ ಕೆನ್ನೆಗೆ ಬಣ್ಣ ಬಂದಿದೆ ಅಂದೆ, ಅಷ್ಟೇ. ನೀಲ್ ಆಗಿದ್ರೂ ಬೇಡ ಅಂತಿರಲಿಲ್ಲ..." ಮಗನ ಹೆಸರು ಹೇಳುತ್ತಲೇ ಅವಳ ದನಿ ಇಂಗಿತು.

ನೀಲ್ ಬಡಗಿ. ಹಿಮ ಹೆಪ್ಪುಗಟ್ಟಿದ ಗುಡ್ಡದ ರಸ್ತೆಯಲ್ಲಿ ಅವನ ವ್ಯಾನು ಜಾರಿ ಎರಡು ಚಳಿಗಾಲ ಕಳೆದಿತ್ತು. ಬದುಕಿದ್ದಾಗ ಹಳೆಯ ಅಟ್ಟವನ್ನು ತನ್ನ ಕೈಯಾರೆ ಮಲಗುವ ಕೋಣೆ ಮಾಡಿದ್ದ. ಬೀದಿಯಲ್ಲಿ ಯಾರು ಸಿಕ್ಕರೂ ಡೋರೀನ್ ಅದನ್ನೇ ಹೇಳುತ್ತಿದ್ದಳು: ನನ್ನ ಮಗ ಕಟ್ಟಿದ್ದು!

ಗ್ಯಾರೆತ್‌ನ ವಕೀಲರಿಂದ ಪತ್ರ ಬಂತು. ಅಟ್ಟದ ಕೋಣೆಯ ಗ್ಯಾರಂಟಿ ಕಾಗದ ಎಲ್ಲಿ? ಕಟ್ಟಡ ಸರಿಯಿದೆ ಎಂದು ಕೌನ್ಸಿಲ್, ಅಂದರೆ ನಗರಸಭೆ, ಕೊಡುವ ಪಾಸ್ ಕಾಗದ ಎಲ್ಲಿ?

"ತನ್ನ ಮನೆಗೆ ತಾನೇ ಗ್ಯಾರಂಟಿ ಬರ್ಕೊಳ್ತಾನಾ ನನ್ನ ಮಗ?" ಡೋರೀನ್ ಸಿಡಿದಳು. "ಕೌನ್ಸಿಲ್ ಕಾಗದ ಇದ್ದೇ ಇರುತ್ತೆ. ಹುಡುಕು."

ಲಿನೆಟ್ ಎಲ್ಲ ಹುಡುಕಿದಳು. ಬಿಸ್ಕತ್ತಿನ ಡಬ್ಬಗಳು, ನೀಲ್‌ನ ಉಪಕರಣದ ಪೆಟ್ಟಿಗೆ, ಅವನ ಕೋಟಿನ ಜೇಬು. ಜೇಬಿನಲ್ಲಿ ಮರದ ಪುಡಿ ಸಿಕ್ಕಿತು. ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತಳು. ಕಾಗದ ಸಿಗಲಿಲ್ಲ.

ಅವಳ ವಕೀಲರಿಗೆ ಇದು ದಿನನಿತ್ಯದ ಕತೆ. "ತಲೆ ಕೆಡಿಸ್ಕೋಬೇಡಿ ಮಿಸೆಸ್ ಸಗ್ಡೆನ್. ಕಾಗದ ಕಳೆದ್ರೆ, ಮುಂದೆ ಕೌನ್ಸಿಲ್ ತಕರಾರು ಮಾಡಿದ್ರೆ ನಷ್ಟ ತುಂಬೋ ಒಂದು ವಿಮೆ ಮಾಡಿಸಿ ಗಿರಾಕಿ ಕೈಗೆ ಕೊಡ್ತೀವಿ. ಇಲ್ಲಿ ಅರ್ಧ ಮನೆಗಳು ಹಾಗೇ ಮಾರಾಟ ಆಗೋದು. ಒಂದೇ ಷರತ್ತು, ಯಾರೂ ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಬಾರದು. ಅವರ ಕಿವಿಗೆ ಬಿದ್ರೆ ಯಾವ ಕಂಪನಿಯೂ ವಿಮೆ ಕೊಡಲ್ಲ."

ಅಂದು ಸಂಜೆ ಬಾಗಿಲಲ್ಲಿ ನಿಂತ ಗ್ಯಾರೆತ್‌ಗೂ, ಸೋಫಾದಲ್ಲಿದ್ದ ಅತ್ತೆಗೂ ಅವಳು ಅದನ್ನೇ ಹೇಳಿದಳು.

"ಇಲ್ಲ, ನಾನು ಯಾರನ್ನೂ ಕೇಳಲ್ಲ," ಎಂದ ಅವನು.

ಡೋರೀನ್ ಕೋಲಿನ ತುದಿಯಿಂದ ನೆಲ ಕೆದಕುತ್ತಾ ಕೂತಳು. ಅದೇಕೆಂದು ಲಿನೆಟ್ ಆಗಲೇ ಕೇಳಬೇಕಿತ್ತು.

ಮುಂದಿನ ವಾರ, ಲಿನೆಟ್ ಕೆಲಸ ಮಾಡುತ್ತಿದ್ದ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯುತ್ತಿದ್ದಾಗ ವಕೀಲರ ಫೋನು ಬಂತು.

"ಯಾರೋ ಕೌನ್ಸಿಲ್‌ಗೆ ಫೋನ್ ಮಾಡಿದಾರೆ. ಮನೆಯ ವಿಳಾಸ ಸಮೇತ. ವಿಮೆ ಇನ್ನು ಆಗಲ್ಲ. ಅವರು ಬಂದು ನೆಲ ಬಿಚ್ಚಿ ನೋಡ್ತಾರಂತೆ."

ಯಾರು? ಯಾರು ಮಾಡಿರಬಹುದು?

ಮಧ್ಯಾಹ್ನ ಏಜೆಂಟ್ ಫೋನ್ ಮಾಡಿದಳು. ಮಿಸ್ಟರ್ ಹೋಯ್ಲ್ ಕಡೆಯಿಂದ ಬೆಲೆ ಇಳಿಸಿದ್ದಾರಂತೆ.

ಲಿನೆಟ್‌ಳ ಕೈಯ ಸೌಟು ಅಲ್ಲೇ ನಿಂತಿತು. ಸಹಿ ಹಾಕುವ ಹೊತ್ತಿಗೆ ಏನಾದರೊಂದು ಹುಳುಕು ಎತ್ತಿ ಬೆಲೆ ಇಳಿಸುವುದು ಈ ದೇಶದ ಗಿರಾಕಿಗಳ ಹಳೆಯ ಆಟ. ಓ... ಚೀಟಿ ಕಳೆದದ್ದು ಇದಕ್ಕಾ? ನಮ್ಮ ಚಹಾ ಕುಡಿದದ್ದು, ಅತ್ತೆಯ ಬೈಗುಳಕ್ಕೆ ನಕ್ಕದ್ದು, ಎಲ್ಲ ಇದಕ್ಕಾ?

ಅವಳು ಅವನಿಗೆ ಫೋನ್ ಮಾಡಿದಳು. ಹಲೋ ಎನ್ನಲೂ ಬಿಡಲಿಲ್ಲ.

"ಒಬ್ಬ ಮುದುಕಿಯ ಸ್ನಾನದ ಮನೆ ಕಿತ್ಕೊಂಡ್ರಿ! ಸಮಾಧಾನ ಆಯ್ತಾ?"

"ಲಿನೆಟ್... ಬೆಲೆ ಇಳಿಸಿದ್ದು ನಾನಲ್ಲ, ಬ್ಯಾಂಕು. ಅವರ ಕಡೆಯವರು ಬಂದು ನೋಡಿ..."

"ಕೌನ್ಸಿಲ್‌ಗೆ ಫೋನ್ ಮಾಡಿದ್ದು? ಅದೂ ಬ್ಯಾಂಕೇ?"

ಆ ಕಡೆಯಿಂದ ಬಸ್ಸಿನ ಎಂಜಿನ್ ಗುರುಗುಟ್ಟುವುದು ಮಾತ್ರ ಕೇಳುತ್ತಿತ್ತು.

"ಹೇಳಿ! ಯಾರು ಮಾಡಿದ್ದು ಅಂತ ನಿಮಗೆ ಗೊತ್ತು, ಅಲ್ವಾ?"

"ನಾನು ಮಾಡಿಲ್ಲ. ಅದಕ್ಕಿಂತ ಹೆಚ್ಚು ನನ್ನನ್ನ ಕೇಳ್ಬೇಡಿ."

"ಇನ್ನು ಈ ಮನೆ ಮೆಟ್ಟಿಲು ಹತ್ತಬೇಡಿ."

ಅವನು ಹತ್ತಲಿಲ್ಲ. ಬೆಲೆ ಇಳಿಸುವ ಪತ್ರವನ್ನೂ ಹಿಂದಕ್ಕೆ ತೆಗೆದುಕೊಂಡ. ಬೇರೆ ಪತ್ರವನ್ನೂ ಕಳಿಸಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗಿತ್ತು. ಅವನು ಬಾರದ ಸಂಜೆಗಳನ್ನು ಕಳೆಯುವುದು ಮಾತ್ರ...

ಕೌನ್ಸಿಲ್‌ನಿಂದ ಬಂದ ಹೆಂಗಸು ಮೃದು ಮಾತಿನವಳು. ಅವಳ ಜೊತೆಗೆ ಗರಗಸ ಹಿಡಿದ ಕೆಲಸದವನೊಬ್ಬ. ಅಟ್ಟದ ಕೋಣೆಯ ಕಾರ್ಪೆಟ್ ಸುರುಳಿ ಸುತ್ತಿ, ಹಲಗೆ ಕೊಯ್ದರು. ನೀಲ್ ಉಜ್ಜಿ ಉಜ್ಜಿ ನಯ ಮಾಡಿದ್ದ ಹಲಗೆ ಚೀರಿದ ಸದ್ದಿಗೆ ಲಿನೆಟ್ ಕಿವಿ ಮುಚ್ಚಿಕೊಂಡಳು.

ಹೆಂಗಸು ಟಾರ್ಚು ಹಿಡಿದು ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

"ನೀವು ಇಲ್ಲಿ ಮಲಗ್ತಿದ್ರಾ?"

"ನಾವಿಬ್ರೂ. ಆರು ವರ್ಷ."

"ಕೆಳಗಿರೋದು ಹಳೇ ತೊಲೆಗಳಮ್ಮ. ಪೆಟ್ಟಿಗೆ ಇಡೋಕೆ ಸಾಕು, ಮನುಷ್ಯರಿಗಲ್ಲ." ಅವಳು ಟಾರ್ಚನ್ನು ಗೋಡೆಯ ಕಡೆ ತಿರುಗಿಸಿದಳು. ಅಲ್ಲಿ ಕಬ್ಬಿಣದ ಕೊಕ್ಕೆಗಳು ಸಾಲಾಗಿ, ಲೆಕ್ಕಾಚಾರವಾಗಿ, ಗಟ್ಟಿಯಾಗಿ ಕೂತಿದ್ದವು. ಖಾಲಿ. "ಹೊಸ ತೊಲೆಗೆ ಕೊಕ್ಕೆ ಹಾಕಿದಾರೆ. ತೊಲೆ ಹಾಕಿಲ್ಲ. ಹಾಗೇ ಮೇಲೆ ಹಲಗೆ ಮುಚ್ಚಿಬಿಟ್ಟಿದಾರೆ."

"ಮರೆತಿರಬಹುದಾ?"

ಹೆಂಗಸು ಟಾರ್ಚು ಆರಿಸಿದಳು. ಬಡಗಿ ಇದನ್ನು ಮರೆಯುವುದಿಲ್ಲ ಎಂದು ಲಿನೆಟ್‌ಗೂ ಗೊತ್ತಿತ್ತು. ನಡೆದಾಗ ನೆಲ ಜಗ್ಗಿದರೆ ನೀಲ್ ನಗುತ್ತಿದ್ದ. ಹೊಸ ಮರ ಕಣೇ, ಕೂತ್ಕೊಳ್ಳೋಕೆ ಕಾಲ ಬೇಕು. ಆ ನಗುವಿನ ಎದೆಯ ಮೇಲೆ ತಲೆಯಿಟ್ಟು ಮಲಗಿದ್ದಳಲ್ಲ ಅವಳು! ಕಾಗದ ಕಳೆದಿರಲಿಲ್ಲ. ಕಾಗದ ಎಂದೂ ಇರಲೇ ಇಲ್ಲ.

"ಪಾಸಾಯ್ತಾ?"

ದನಿ ಹತ್ತಿರದಿಂದ ಬಂತು. ಲಿನೆಟ್ ಓಡಿ ಬಂದು ಮೆಟ್ಟಿಲ ತುದಿಯಿಂದ ಇಣುಕಿದಳು. ಡೋರೀನ್ ಮೆಟ್ಟಿಲ ಮೇಲೆ ಕುಂಡಿಯೂರಿ, ಒಂದೊಂದೇ ಮೆಟ್ಟಿಲು ಹಿಮ್ಮುಖವಾಗಿ ಏರುತ್ತಾ, ಅರ್ಧ ದಾರಿ ಬಂದು ಕೂತಿದ್ದಳು. ಮುಖ ಬೆವರಿತ್ತು, ಕಣ್ಣು ಹೊಳೆಯುತ್ತಿತ್ತು.

"ಹೇಳೇ! ನನ್ನ ಮಗನ ಕೆಲಸ ಪಾಸಾಯ್ತಾ?"

"ಇನ್ನೂ... ನೋಡ್ತಿದಾರೆ ಅತ್ತೆ."

"ಕೇಳಿಸ್ತು ನನಗೆ," ಎಂದಳು ಡೋರೀನ್. ಹೊಳಪು ಹಾಗೇ ಆರಿತು. "ಎಲ್ಲಾ ಕೇಳಿಸ್ತು. ನಿನ್ನ ಬಾಯಲ್ಲಿ ಬೇರೆ ಬರುತ್ತೇನೋ ಅಂತ ಕೇಳ್ದೆ."

ಲಿನೆಟ್ ಇಳಿದು ಅವಳ ಪಕ್ಕ, ಅದೇ ಇಕ್ಕಟ್ಟಿನ ಮೆಟ್ಟಿಲಲ್ಲಿ ಕೂತಳು.

"ಫೋನ್ ಮಾಡಿದ್ದು ನಾನು," ಡೋರೀನ್ ಗೋಡೆ ನೋಡುತ್ತಾ ಹೇಳಿದಳು. ಮೈ ಒರೆಸುವಾಗ ನೋಡುತ್ತಿದ್ದ ಹಾಗೆಯೇ. "ವಿಮೆ ಅಂದ್ರೆ ನನ್ನ ಮಗ ಕಳ್ಳ ಅಂದ ಹಾಗೆ ಅನ್ನಿಸ್ತು. ಕೌನ್ಸಿಲ್‌ನೋರು ಕಾಗದ ಹುಡುಕಿ ಕೊಟ್ರೆ ಎಲ್ಲರ ಮುಖಕ್ಕೆ ಹಿಡೀಬಹುದು ಅಂದ್ಕೊಂಡೆ."

"ಅತ್ತೆ..."

"ನಾನು ಫೋನಲ್ಲಿರುವಾಗ ಗ್ಯಾರೆತ್ ಬಂದ. ನಿನಗೆ ಅಂತ ಕೇಕ್ ತಂದಿದ್ದ. ಎಲ್ಲಾ ಕೇಳಿಸ್ಕೊಂಡ. ಅವಳಿಗೆ ಹೇಳ್ಬೇಡ ಮಗಾ, ನನಗೆ ಇನ್ಯಾರೂ ಇಲ್ಲ, ಅವಳೂ ಬಿಟ್ರೆ ನಾನೆಲ್ಲಿ ಹೋಗ್ಲಿ ಅಂತ ಕೈ ಹಿಡ್ಕೊಂಡೆ. ಹೇಳಲ್ಲ ಅಂದ. ನೀನು ಅಷ್ಟು ಬೈದಾಗಲೂ ಹೇಳ್ಲಿಲ್ಲ ಅಲ್ವಾ?"

ಲಿನೆಟ್ ಹಣೆ ಹಿಡಿದುಕೊಂಡಳು. ಅಯ್ಯೋ... ಆ ಮೌನ! ಆ ಮೌನಕ್ಕೆ ನಾನು ಏನೇನು ಅಂದುಬಿಟ್ಟೆ!

"ನನ್ನನ್ನ ಎಲ್ಲಾದ್ರೂ ಸೇರಿಸಿಬಿಡು," ಎಂದಳು ಡೋರೀನ್. "ಮುದುಕರನ್ನ ಇಟ್ಕೊಳ್ಳೋ ಜಾಗಕ್ಕೆ."

"ಬಾಯಿ ಮುಚ್ಚಿ ಅತ್ತೆ," ಲಿನೆಟ್ ಅವಳ ತಲೆಯನ್ನು ಭುಜಕ್ಕೆ ಎಳೆದುಕೊಂಡಳು. ಅವರಿಬ್ಬರೂ ಒಂದೇ ಗಂಡಸಿಗಾಗಿ, ಎರಡನೆಯ ಸಲ, ಅಳತೊಡಗಿದರು. ಮೊದಲ ಸಲದ ಅಳುವಿಗಿಂತ ಇದು ಕಹಿಯಾಗಿತ್ತು.

ಅಟ್ಟದ ಬಾಗಿಲಿಗೆ ಹಲಗೆ ಹೊಡೆದರು. ಬಂಗಲೆ ಬೇರೆಯವರ ಪಾಲಾಯಿತು.

ಶುಕ್ರವಾರ ಲಿನೆಟ್ ಗ್ಯಾರೆತ್‌ನ ಬಸ್ಸು ಹತ್ತಿದಳು. ಚಾಲಕನ ಜೊತೆ ಮಾತಾಡಬಾರದೆಂಬ ಫಲಕದ ಕೆಳಗೇ ಕೂತಳು. ಕನ್ನಡಿಯಲ್ಲಿ ಅವನು ಒಮ್ಮೆ ನೋಡಿದ. ಮತ್ತೆ ನೋಡಲಿಲ್ಲ. ಊರು ಮುಗಿಯಿತು, ಕಲ್ಲಿನ ಗೋಡೆಗಳು ಮುಗಿದವು, ಬೋಳು ಗುಡ್ಡದ ತುದಿಯ ಕೊನೆಯ ನಿಲ್ದಾಣ ಬಂತು. ಎಲ್ಲರೂ ಇಳಿದರು. ಎಂಜಿನ್ ನಿಂತಿತು. ಹೊರಗೆ ಗಾಳಿ.

"ಅತ್ತೆ ಹೇಳಿದ್ರು," ಎಂದಳು.

ಅವನು ಸ್ಟೀರಿಂಗ್ ಮೇಲಿನ ಕೈ ತೆಗೆಯಲಿಲ್ಲ. "ಬೈದ್ರಾ ಅವರನ್ನ?"

"ನಿಮ್ಮನ್ನ ಬೈದಷ್ಟು ಬೈಯಲಿಲ್ಲ. ಯಾಕೆ ಸುಮ್ನಿದ್ರಿ? ನಾನು ಬಾಯಿಗೆ ಬಂದ ಹಾಗೆ ಅಂದಾಗ ಒಂದು ಮಾತು ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನೀವು ನನ್ನನ್ನ ನಂಬ್ತಿದ್ರಿ. ಅವರ ಜೊತೆ ಹೇಗಿರ್ತಿದ್ರಿ?" ಅವನು ತಿರುಗಿದ. "ನನಗೆ ಬೇಜಾರಾಗಲಿಲ್ಲ ಅಂತಲ್ಲ. ಆಯ್ತು. ತುಂಬಾ ಆಯ್ತು. ವಾದ್ಯ ಮುಟ್ಟೋಕೂ ಆಗಲಿಲ್ಲ."

"ಕ್ಷಮಿಸಿ..." ಎಂದಳು ಅವಳು.

"ಆ ಮನೆ ಇನ್ನು ನನಗೆ ಸಿಗಲ್ಲ ಲಿನೆಟ್. ಬ್ಯಾಂಕಿನವರು ಒಪ್ಪಲ್ಲ."

"ಮನೆ ಮಾರೋಕೆ ಇಷ್ಟು ದೂರ ಟಿಕೆಟ್ ತಗೊಂಡು ಬರ್ತಾರಾ ಯಾರಾದ್ರೂ?"

ಅವನು ಅಂದು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಗಾಳಿ ಬಸ್ಸನ್ನು ಅಲುಗಿಸುತ್ತಿತ್ತು.

"ಡೋರೀನ್ ಸ್ನಾನಕ್ಕೆ ಏನು ಮಾಡ್ತಾರೆ ಈಗ?" ಎಂದು ಕೇಳಿದ.

ಅವನು ಬೇರೇನೋ ಕೇಳಬಹುದೆಂದು ಅವಳು ಅಂದುಕೊಂಡಿದ್ದಳು. ಆ ಪ್ರಶ್ನೆಗೆ ಅವಳ ಕಣ್ಣು ತುಂಬಿ ಹರಿಯಿತು. "ಬೋಗುಣಿ," ಎಂದಳು.

"ನಮ್ಮಮ್ಮ ಕೊನೆಗಾಲದಲ್ಲಿ ನನ್ನ ಜೊತೆಗಿದ್ರು. ನನ್ನ ಫ್ಲಾಟಿಗೆ ಒಂದು ಮೆಟ್ಟಿಲೂ ಇಲ್ಲ. ಬಚ್ಚಲಲ್ಲಿ ಶವರ್ ಕೆಳಗೇ ಕುರ್ಚಿ ಇದೆ, ಹಿಡ್ಕೊಳ್ಳೋಕೆ ಕಂಬಿ ಇದೆ. ಭಾನುವಾರ ಕರ್ಕೊಂಡು ಬಾ." ನೀವು ಎನ್ನುವುದು ಎಲ್ಲಿ ಜಾರಿಹೋಯಿತೆಂದು ಇಬ್ಬರಿಗೂ ತಿಳಿಯಲಿಲ್ಲ.

ಭಾನುವಾರ ಬಚ್ಚಲಿನ ಬಾಗಿಲಡಿಯಿಂದ ಹಬೆ ಬರುತ್ತಿತ್ತು.

"ಒಳಗೆ ಬರ್ಲಾ ಅತ್ತೆ?"

"ಬಂದ್ರೆ ನೋಡು! ಎಷ್ಟು ಕಾಲ ಆಯ್ತು ನನ್ನ ಬೆನ್ನು ನಾನೇ ತಿಕ್ಕಿ! ಲೋ ಗ್ಯಾರೆತ್, ಇದೆಂಥ ಸೋಪು? ಗಂಡಸರ ವಾಸನೆ!"

ಒಳಗೆ ನೀರು ಸುರಿಯುತ್ತಲೇ ಇತ್ತು. ಅದರ ನಡುವೆ ಒಮ್ಮೆ ಬಿಕ್ಕಿದ ಸದ್ದು. ಕಾರಿಡಾರಿನಲ್ಲಿ ನೆಲದ ಮೇಲೆ ಕೂತಿದ್ದ ಇಬ್ಬರೂ ಅದನ್ನು ಕೇಳಿಸಿಕೊಳ್ಳದವರಂತೆ ಇದ್ದರು.

"ಪ್ರತಿ ಭಾನುವಾರ ಗುಡ್ಡ ಇಳಿದು ಬರೋದು ಕಷ್ಟ," ಎಂದ ಗ್ಯಾರೆತ್, ತನ್ನ ಬೂಟಿನ ತುದಿ ನೋಡುತ್ತಾ.

"ಹೌದು."

"ಇಲ್ಲೇ ಇದ್ದುಬಿಡಿ. ಇಬ್ಬರೂ. ನನಗೆ... ನೀನು ಬೇಕು ಲಿನೆಟ್. ಆ ಮಾತು ಹೇಗೆ ಹೇಳೋದು ಅಂತ ನನಗೆ ಬರಲ್ಲ."

ಅವಳು ಬಚ್ಚಲಿನ ಬಾಗಿಲ ಕಡೆ ನೋಡಿದಳು.

"ನೀಲ್ ಮೇಲೆ ನನಗಿನ್ನೂ ಸಿಟ್ಟಿದೆ. ಪ್ರೀತಿನೂ ಇದೆ. ಎರಡೂ ಹೋಗಿಲ್ಲ. ಒಂದೊಂದು ದಿನ ಎದ್ದು ಕೂತು ಅಳ್ತೀನಿ."

"ಅಳು. ಮೊದಲನೇ ಬಸ್ಸು ನಂದೇ, ನಾನು ಕತ್ತಲಲ್ಲೇ ಎದ್ದಿರ್ತೀನಿ."

"ಎದ್ದು ಏನು ಮಾಡ್ತೀಯ?"

"ಚಹಾ ಮಾಡ್ತೀನಿ. ನಿನ್ನ ಪಕ್ಕ ಕೂರ್ತೀನಿ."

ಲಿನೆಟ್ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಸಕ್ಕರೆ ಬೇಡ ನನಗೆ," ಎಂದಳು.