ದೊಡ್ಡ ಡಾಕ್ಟರ ದಾರ

"ಹೊಸ ಸರ್ಜನ್ ಬೇಡ ಅಂತ ನನ್ನ ಹಲಗೆಯೇ ಸಾಕ್ಷಿ ಹೇಳ್ತಿದೆ ಸರ್. ನಾಳೆ ಮಧ್ಯಾಹ್ನ ನೇಮಕಾತಿ ಸಮಿತಿಯವರು ನೋಡಿ ಹೋದ್ರೆ ಮುಗೀತು," ಎನ್ನುತ್ತ ಅಂದಾಜಮ್ಮ ಪತ್ತೇದಾರರ ಮುಂದೆ ಕುಸಿದು ಕೂತರು.

ಮುಂದೆ ಎಷ್ಟು ರೋಗಿಗಳು ಬರಬಹುದು, ಅವರಿಗೆ ಎಷ್ಟು ಸರ್ಜನ್‌ಗಳು ಬೇಕು ಎಂದು ಅಂದಾಜು ಹಾಕುವುದೇ ಆಸ್ಪತ್ರೆಯಲ್ಲಿ ಆಕೆಯ ಕೆಲಸ. ಹೆಸರು ಬಂದದ್ದೂ ಹಾಗೆಯೇ. ಅಂಕಿ ಕಂಡರೆ ಸಮಿತಿಯವರಿಗೆ ಆಕಳಿಕೆ ಬರುತ್ತಿತ್ತು. ಅದಕ್ಕೇ ಆಕೆ ಗೋಡೆಯ ಹಲಗೆಯ ಮೇಲೆ ದಾರ ಎಳೆದಿದ್ದರು. ರೋಗಿಗಳಿಗೆ ಕೆಂಪು ದಾರ. ಒಬ್ಬೊಬ್ಬ ಸರ್ಜನ್‌ಗೆ ಒಂದೊಂದು ಬಿಳಿ ದಾರ, ಅವರು ಕೆಲಸ ಬಿಡುವ ವರ್ಷದವರೆಗೆ. ಇದ್ದದ್ದೇ ಎರಡು ಬಿಳಿ ದಾರ: ದೊಡ್ಡ ಡಾಕ್ಟರದು, ಚಿಕ್ಕ ಡಾಕ್ಟರಮ್ಮನದು. ಈ ವರ್ಷ ಮುಗಿಯಬೇಕಿದ್ದ ದೊಡ್ಡ ಡಾಕ್ಟರ ದಾರಕ್ಕೆ ಯಾರೋ ತುಂಡು ಸೇರಿಸಿ ಹತ್ತು ವರ್ಷ ಮುಂದೆ ಎಳೆದಿದ್ದರು.

ಪತ್ತೇದಾರರ ಭಾವಮೈದುನ, ಔಷಧಿ ಅಂಗಡಿಯವನು, ಪಕ್ಕದಲ್ಲೇ ನಿಂತು ಬೆವರುತ್ತಿದ್ದ. ಅವನ ಹೆಂಡತಿಯ ಹೊಟ್ಟೆಯ ಗಡ್ಡೆಗೆ ನಾಳೆ ಬೆಳಿಗ್ಗೆ ಅಲ್ಲೇ ಆಪರೇಷನ್, ಅದೂ ದೊಡ್ಡ ಡಾಕ್ಟರ ಕೈಯಲ್ಲೇ. ಅವನಿಗೆ ಬೇರೆ ಯಾವ ದಾರದ ಗೊಡವೆಯೂ ಬೇಕಿರಲಿಲ್ಲ.

ಆದರೂ ಭಾವನ ಹಿಂದೆ ಆಸ್ಪತ್ರೆಗೆ ಹೋದ. ಹಲಗೆಯ ಮೇಲೆ ಎಲ್ಲ ಕಡೆ ಜಾರುಗಂಟು. ಸೇರಿಸಿದ ಕಡೆ ಮಾತ್ರ ಮೊದಲ ಸುತ್ತಿನಲ್ಲೇ ದಾರ ಎರಡು ಸಲ ಹೆಣೆದುಕೊಂಡಿತ್ತು, ಅಕ್ಕಪಕ್ಕ ಹಿಂಜಿಹೋಗಿತ್ತು.

"ನಾನಂತೂ ಮುಟ್ಟಿಲ್ಲ," ಎಂದರು ಆಡಳಿತಾಧಿಕಾರಿ, ಯಾರೂ ಕೇಳುವ ಮೊದಲೇ. ಹೊಸ ಸಂಬಳ ಎಂದರೆ ಉರಿದುಬೀಳುವ ಮನುಷ್ಯ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತಲ್ಲ ಭಾವ," ಎಂದು ಅಂಗಡಿಯವನು ಪಿಸುಗುಟ್ಟಿದ.

"ಸುಮ್ನಿರೋ. ಎಲ್ಲರಿಗೂ ಚಹಾ ಹೇಳು," ಎಂದರು ಭಾವ.

ಸರ್ಜನ್‌ಗಳಿಬ್ಬರನ್ನೂ ಕರೆಸಿ ಆರು ಜನವೂ ಹಲಗೆಯ ಮುಂದೆ ಕೂತರು. ಚಿಕ್ಕ ಡಾಕ್ಟರಮ್ಮ ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ದೊಡ್ಡ ಡಾಕ್ಟರು ಕೋಟಿನ ಜೇಬಿನಿಂದ ಕೈ ತೆಗೆಯಲೇ ಇಲ್ಲ.

"ಅಂದಾಜಮ್ಮಂದು ಜಾರುಗಂಟು, ವರ್ಷಾ ವರ್ಷ ಬಿಚ್ಚಿ ಕಟ್ಬೇಕಲ್ಲ," ಎಂದು ಭಾವ ಶುರು ಮಾಡಿದರು. "ಆಡಳಿತಾಧಿಕಾರಿಗಳಿಗೆ ಅವರ ಬೂಟಿನ ಲಾಡಿ ಕಟ್ಟೋಕೇ ಬರಲ್ಲ, ಕೆಳಗೆ ನೋಡಿ. ಈ ಎರಡು ಹೆಣಿಗೆಯ ಗಂಟು ಗಾಯ ಹೊಲಿಯೋರದು. ಹಾಗೆ ಕಟ್ಟಿದ್ರೆ ನಡುವೆ ಸಡಿಲ ಆಗಲ್ಲ."

ಎಲ್ಲರ ಕಣ್ಣು ಚಿಕ್ಕ ಡಾಕ್ಟರಮ್ಮನ ಕಡೆ ಹೊರಳಿತು.

"ಅವರಲ್ಲ. ಅವರಾಗಿದ್ರೆ ಒಂದೇ ಸಲಕ್ಕೆ ಗಂಟು ಬೀಳೋದು. ಇಲ್ಲಿ ದಾರ ಹಿಂಜಿದೆ. ಕಟ್ಟಿ, ತಪ್ಪಿ, ಬಿಚ್ಚಿ, ಮತ್ತೆ ಕಟ್ಟಿದ್ದಾರೆ. ಗಂಟು ಗೊತ್ತು, ಬೆರಳು ಮಾತು ಕೇಳ್ತಿಲ್ಲ. ಡಾಕ್ಟ್ರೇ, ನಿಮ್ಮ ಚಹಾ ಆರಿಹೋಗ್ತಿದೆ."

ದೊಡ್ಡ ಡಾಕ್ಟರು ಜೇಬಿನಿಂದ ಕೈ ತೆಗೆದು ಕಪ್ಪು ಎತ್ತಿದರು. ಅದು ಸಾಸರಿನ ಮೇಲೆ ಕಟಕಟ ಅಂದಿತು. ಚಹಾ ಮೇಜಿನ ಮೇಲೆಲ್ಲ ಚೆಲ್ಲಿತು.

ಅಂಗಡಿಯವನು ಎದ್ದು ನಿಂತ. "ನಾಳೆ ನನ್ನ ಹೆಂಡತಿಗೆ ಈ ಕೈಯಲ್ಲೇ..."

"ಇಲ್ಲಪ್ಪ. ಎಷ್ಟೋ ದಿನದಿಂದ ಕತ್ತರಿ ಹಿಡೀತಿರೋದು ಇವಳೇ. ನಾನು ಪಕ್ಕ ನಿಂತು ಹೇಳ್ತೀನಿ, ಅಷ್ಟೇ." ದೊಡ್ಡ ಡಾಕ್ಟರು ಚಿಕ್ಕ ಡಾಕ್ಟರಮ್ಮನ ಕಡೆ ತೋರಿಸಿದರು. "ಆ ಕಡೆ ಊರಿನ ಆಸ್ಪತ್ರೇಲಿ ಹೀಗೇ ಒಬ್ಬ ಸರ್ಜನ್ ಕೆಲಸ ಬಿಟ್ರು, ದಾರ ಮುಗೀತು. ಹೊಸಬರನ್ನ ಕಳಿಸ್ಲಿಲ್ಲ, ಒಬ್ಬರಿಂದ ನಡೆಯಲ್ಲ ಅಂತ ವಾರ್ಡಿಗೇ ಬೀಗ ಹಾಕಿದ್ರು. ಇಲ್ಲೂ ಹಾಗಾದ್ರೆ ಜನ ಎಲ್ಲಿಗೆ ಹೋಗ್ಬೇಕು? ಇಬ್ಬರಿದ್ದೀವಿ ಅಂತ ಕಾಣ್ಲಿ ಅಂತ ನನ್ನ ದಾರ ಎಳೆದೆ."

"ಹತ್ತು ವರ್ಷ ಇಬ್ಬರ ಕೆಲಸ ಡಾಕ್ಟರಮ್ಮ ಒಬ್ಬರೇ ಮಾಡಿದ್ರೆ ಇವರ ದಾರಾನೂ ತುಂಡಾಗುತ್ತೆ ಸರ್," ಎಂದರು ಅಂದಾಜಮ್ಮ.

ಚಿಕ್ಕ ಡಾಕ್ಟರಮ್ಮ ಕಣ್ಣುಜ್ಜಿಕೊಂಡರು. "ನಂಗೆ ನಿದ್ದೆ ಬೇಕು ಸರ್. ಬೇರೇನೂ ಬೇಡ."

ದೊಡ್ಡ ಡಾಕ್ಟರು ಎದ್ದು ಹಲಗೆಯ ಹತ್ತಿರ ಹೋದರು. ಗಂಟು ಬಿಚ್ಚಲು ನೋಡಿದರು, ಆಗಲಿಲ್ಲ. ಕತ್ತರಿ ತೆಗೆದುಕೊಂಡರು.

"ಇಲ್ಲೂ ಬೀಗ ಬಿದ್ರೆ? ನಾಳೆ ಆಪರೇಷನ್ ಮುಗಿಯೋವರೆಗಾದ್ರೂ ಬಿಡಿ," ಎಂದ ಅಂಗಡಿಯವನು. ನಾಚಿಕೆ ಬಿಟ್ಟು ಕೈ ಮುಗಿದ.

"ಸಮಿತಿ ಬರೋದ್ರೊಳಗೆ ಮುಗಿಸ್ತೀನಿ. ಬೆಳಿಗ್ಗೆ ಬೇಗ ಕರ್ಕೊಂಡು ಬನ್ನಿ," ಎಂದರು ಚಿಕ್ಕ ಡಾಕ್ಟರಮ್ಮ, ಕುರ್ಚಿಗೆ ತಲೆ ಆನಿಸಿ.

ಕತ್ತರಿ ದಾರದ ಅತ್ತಿತ್ತ ಅಲೆಯುತ್ತಿತ್ತು. ಕೊನೆಗೆ ಅಂಗಡಿಯವನೇ ಹೋಗಿ ಆ ಮುದಿ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿದ. ಸೇರಿಸಿದ್ದ ದಾರ ತುಂಡಾಗಿ ಬಿತ್ತು.

ಉದ್ದನೆಯ ಕೆಂಪು ದಾರದ ಕೆಳಗೆ ಈಗ ಮುಂದಕ್ಕೆ ಓಡಿದ್ದು ಒಂದೇ ಬಿಳಿ ದಾರ. ಅವನು ತಿರುಗಿ ನೋಡಿದಾಗ ಚಿಕ್ಕ ಡಾಕ್ಟರಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಹೊರಗೆ ಯಾರೋ ಡಾಕ್ಟರಮ್ಮ ಎಲ್ಲಿ ಎಂದು ಕೇಳುತ್ತಿದ್ದರು. ಅವನು ಹೋಗಿ ಸದ್ದಾಗದಂತೆ ಬಾಗಿಲು ಮುಚ್ಚಿದ.